ಮೂಲೆಮಟ್ಟ ದೊಡ್ಡಪ್ಪ ಮತ್ತು ಬೆಕ್ಕಿನ ಬಾಲ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರಗಳು ಗೆರೆಯಿಂದ ಜಾರಿ ಕೆಳಗಿನ ಸಾಲಿನ ತಲೆಯ ಮೇಲೆ ಕೂತುಬಿಡುತ್ತವೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು, ಹಾಗಾಗಿ ಮಾತುಗಳ ದಾಸ್ತಾನೂ ಕಡಿಮೆ. ನಾನು ಕಣ್ಣಾರೆ ನೋಡದ್ದನ್ನು ದೊಡ್ಡಪ್ಪ, ದೊಡ್ಡಮ್ಮ, ಅವರ ಮಗಳು ಅಂದರೆ ನಮ್ಮಕ್ಕ, ಮೂವರನ್ನೂ ಬೇರೆ ಬೇರೆ ಕೂರಿಸಿ ಕೇಳಿ ಬರೆದಿದ್ದೇನೆ. ಮೂವರ ಮಾತು ಹೊಂದದ ಕಡೆ ದೊಡ್ಡಮ್ಮ ಹೇಳಿದ್ದನ್ನೇ ಇಟ್ಟುಕೊಂಡಿದ್ದೇನೆ. ಅವರು ಯಾರನ್ನಾದರೂ ಸಂತೋಷಪಡಿಸಲಿಕ್ಕೆ ಅಂತ ಮಾತಾಡಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ.

ದೊಡ್ಡಪ್ಪನಿಗೆ ಪ್ರೆಸ್ಸಿನಲ್ಲಿ ಇಟ್ಟ ಹೆಸರು ಮೂಲೆಮಟ್ಟ. ಮೂಲೆ ನೇರ ಇದೆಯೋ ಇಲ್ಲವೋ ಅಂತ ನೋಡಲು ಬಡಗಿಗಳು ಹಿಡಿದುಕೊಂಡಿರುತ್ತಾರಲ್ಲ, ಆ ಸಾಮಾನು. ಮೂವತ್ತೊಂದು ವರ್ಷ ಅವರು ಅಲ್ಲಿ ಪೇಪರ್ ಕತ್ತರಿಸುವ ಮಷೀನಿನ ಮುಂದೆ ನಿಂತಿದ್ದರು. ಮದುವೆ ಕಾಗದ, ಔಷಧಿ ಡಬ್ಬದ ಚೀಟಿ, ಚುನಾವಣೆಗೆ ನಿಂತವರ ಮುಖ, ಎಲ್ಲವೂ ಅವರ ಬ್ಲೇಡಿನ ಕೆಳಗೆ ಬಂದು ನೇರವಾಗಿ ಹೋಗಿದ್ದವು. ಆ ಮುಖಗಳನ್ನು ಅಷ್ಟು ನೇರ ಮಾಡಿದವರು ಬೇರೆ ಯಾರೂ ಇಲ್ಲ ಅಂತ ಅವರೇ ಹೇಳಿಕೊಳ್ಳುತ್ತಿದ್ದರು.

ಕೆಲಸ ಮನೆಗೂ ಬಂತು. ಬೇರೆಯವರ ಮನೆಗೆ ಹೋದರೆ ಕೂರುವ ಮೊದಲು ಗೋಡೆಯ ಕ್ಯಾಲೆಂಡರ್ ಸರಿ ಮಾಡುತ್ತಾರೆ. ಆಸ್ಪತ್ರೆಯಲ್ಲಿ ಕಾಲು ಮುರಿದುಕೊಂಡ ಗೆಳೆಯನನ್ನು ನೋಡಲು ಹೋಗಿ, ಏನಪ್ಪಾ ಹೇಗಿದ್ದೀಯ ಅಂತ ಕೇಳುವುದಕ್ಕೂ ಮುಂಚೆ ಅವನ ಮಂಚವನ್ನು ಗೋಡೆಗೆ ಸರಿಯಾಗಿ ತಳ್ಳಿದರಂತೆ. ಗೆಳೆಯ ಕೂಗಿಕೊಂಡದ್ದು ನೋವಿಗೆ ಅಂತ ದೊಡ್ಡಪ್ಪನಿಗೆ ಆಮೇಲೆ ಹೊಳೆಯಿತು.

"ನಾನು ಸೊಟ್ಟಗೆ ಮಲಗಿದ್ರೆ ನನ್ನನ್ನೂ ನೇರ ಮಾಡ್ತಾರೆ," ಅನ್ನುತ್ತಾರೆ ದೊಡ್ಡಮ್ಮ. "ಸತ್ತ ಮೇಲೆ ಮಾಡೋ ಕೆಲಸ ಅದು. ಇವರಿಗೆ ಅಲ್ಲಿತನಕ ಕಾಯೋ ತಾಳ್ಮೆ ಇಲ್ಲ."

ಇಂಥವರು ಮಾಡಿದ ತಪ್ಪೂ ಇಂಥದ್ದೇ.

ಆಗ ಅಕ್ಕನಿಗೆ ಹನ್ನೊಂದು ವರ್ಷ. ಶಾಲೆಯ ಎದುರಿನ ಪುಸ್ತಕದ ಅಂಗಡಿಯ ಹೊರಗೆ ಒಂದು ಮಷೀನ್ ಇತ್ತು. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಒಂದು ಕಾರ್ಡ್ ಬೀಳುತ್ತಿತ್ತು. ಕಾರ್ಡಿನ ಮೇಲೆ ಮಾಂಗಾ ಅಂತಾರಲ್ಲ, ಜಪಾನಿನ ಚಿತ್ರಕಥೆ, ಅದರ ಚಿತ್ರ. ದೊಡ್ಡ ದೊಡ್ಡ ಕಣ್ಣು, ಮುಳ್ಳಿನಂಥ ಕೂದಲು, ಎಲ್ಲರಿಗೂ ಯಾವಾಗಲೂ ಸಿಟ್ಟು. ಅಕ್ಕನಿಗೆ ಒಂದು ದಿನ ನಲವತ್ತೇಳನೇ ನಂಬರಿನ ಕಾರ್ಡ್ ಬಿತ್ತು. ಮನೆಯ ಹೆಂಚಿನ ಮೇಲೆ ಛತ್ರಿಯನ್ನು ಕತ್ತಿಯ ಹಾಗೆ ಹಿಡಿದು ನಿಂತ ಹುಡುಗಿ. ಅವಳ ಎಡಗಡೆ, ಚಿತ್ರದ ಸುತ್ತಲಿನ ಬಿಳಿ ಅಂಚಿನಲ್ಲಿ, ಒಂದು ಸಣ್ಣ ಕಪ್ಪು ಗೀಟು.

ಆ ಗೀಟು ಒಂದು ಬೆಕ್ಕಿನ ಬಾಲ. ಕಾರ್ಖಾನೆಯಲ್ಲಿ ಒಂದು ದೊಡ್ಡ ಹಾಳೆಯಲ್ಲಿ ಹತ್ತಾರು ಕಾರ್ಡನ್ನು ಒಟ್ಟಿಗೆ ಅಚ್ಚು ಹಾಕಿ ಆಮೇಲೆ ಕತ್ತರಿಸುತ್ತಾರೆ. ಛತ್ರಿ ಹುಡುಗಿಯ ಪಕ್ಕದ ಕಾರ್ಡಿನಲ್ಲಿ ಒಂದು ಬೆಕ್ಕು. ಅದರ ಬಾಲ ಚೌಕಟ್ಟನ್ನು ಮೀರಿ ಕಾರ್ಡಿನ ಕೊನೆಯ ತನಕ ಬಂದಿರುತ್ತದೆ. ಯಾವುದೋ ಒಂದು ಕಟ್ಟು ಹಾಳೆ ಬ್ಲೇಡಿನ ಕೆಳಗೆ ಅರ್ಧ ಮಿಲಿಮೀಟರ್ ಸರಿದು, ಬಾಲದ ತುದಿ ಛತ್ರಿ ಹುಡುಗಿಯ ಪಾಲಿಗೆ ಬಂದುಬಿಟ್ಟಿದೆ.

ಅಕ್ಕ ಅದನ್ನು ಅಪ್ಪನಿಗೆ ತೋರಿಸಿದಳು. "ನೋಡಪ್ಪ, ಬೆಕ್ಕು ಈ ಕಡೆ ಇಣುಕ್ತಿದೆ."

ದೊಡ್ಡಪ್ಪ ಬೆಕ್ಕನ್ನು ನೋಡಲಿಲ್ಲ. ಯಾವನೋ ಕೆಲಸಗಾರ ಹಾಳೆಯನ್ನು ಸರಿಯಾಗಿ ತಟ್ಟಿ ಕೂರಿಸದೆ ಕತ್ತರಿಸಿದ್ದನ್ನು ನೋಡಿದರು. ಆ ದಿನ ಅವರಿಗೆ ಊಟ ಸೇರಲಿಲ್ಲವಂತೆ. ಮಾರನೆಯ ದಿನ ಅಕ್ಕ ಶಾಲೆಗೆ ಹೋದ ಮೇಲೆ ಅವಳ ತಗಡಿನ ಪೆಟ್ಟಿಗೆಯಿಂದ ಕಾರ್ಡ್ ತೆಗೆದುಕೊಂಡು ಪ್ರೆಸ್ಸಿಗೆ ಹೋದರು. ಮಷೀನಿನಲ್ಲಿಟ್ಟು ಎಡ ಅಂಚನ್ನು ತೆಗೆದರು. ಆಗ ಉಳಿದ ಮೂರು ಅಂಚು ಕಣ್ಣಿಗೆ ಚುಚ್ಚಿದವು. ಅವನ್ನೂ ಕೂದಲೆಳೆಯಷ್ಟು ತೆಗೆದರು. ಸಂಜೆ ಮಗಳ ಕೈಗಿಟ್ಟರು.

ಅಕ್ಕ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಬಾಲ ಎಲ್ಲಿ?"

"ಅದಾ, ತೆಗೆದುಬಿಟ್ಟೆ. ಈಗ ನೋಡು, ಎಷ್ಟು ನೀಟಾಗಿದೆ."

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಮಾರನೆಯ ದಿನ ಕಾರ್ಡನ್ನು ಹಿಂದಿನ ಬೆಂಚಿನ ಹುಡುಗಿಗೆ ಪುಕ್ಕಟೆ ಕೊಟ್ಟು, ಬರುವಾಗ ಪೆಟ್ಟಿಗೆಗೆ ಒಂದು ಬೀಗ ತಂದಳು. ಅವತ್ತಿನಿಂದ ಅಪ್ಪ ಅವಳ ಹತ್ತಿರ ಬಂದರೆ ಒಂದೇ ಮಾತು. "ಅಪ್ಪ, ಕೈ ಜೇಬಲ್ಲಿಟ್ಕೊ."

ಹದಿನೈದು ವರ್ಷವಾದರೂ ಆ ಮಾತು ಬದಲಾಗಲಿಲ್ಲ. ಅಕ್ಕ ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾಳೆ. ಕನ್ನಡಕದ ಗಾಜಿನ ಅಂಚನ್ನು ಅಳತೆಗೆ ತರುವುದೇ ಅವಳ ಕೆಲಸ. ಯಾರ ಮಗಳು ಅಂತ ಬೇರೆ ಹೇಳಬೇಕಿಲ್ಲ, ಆದರೆ ಹಾಗಂತ ಅವಳ ಮುಂದೆ ಹೇಳಬಾರದು. ನಾಲ್ಕು ಬೀದಿ ಆಚೆ ಬಾಡಿಗೆ ಕೋಣೆಯಲ್ಲಿದ್ದಾಳೆ. ಅಪ್ಪ ಬಂದರೆ ಬೇಡ ಅನ್ನುವುದಿಲ್ಲ. ನಗುತ್ತಾಳೆ, ಕೂರು ಅನ್ನುತ್ತಾಳೆ. ದೊಡ್ಡಪ್ಪ ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು, ಪೊಲೀಸರು ಹಿಡಿದು ತಂದ ಕಳ್ಳನ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಟೀ ಬಂದರೆ ಒಂದು ಕೈ ತೆಗೆಯಲು ಅಪ್ಪಣೆ. ಕುಡಿದು ಲೋಟ ಇಟ್ಟರೆ ಕೈ ವಾಪಸ್ ಜೇಬಿಗೆ.

ಈ ಜೇಬಿನ ಶಿಕ್ಷೆ ಯಾಕೆ ಅಂತ ದೊಡ್ಡಪ್ಪನಿಗೆ ಬಹಳ ವರ್ಷ ಸರಿಯಾಗಿ ಅರ್ಥವೇ ಆಗಿರಲಿಲ್ಲ. ಹುಡುಗಿಗೆ ಏನೋ ಹಟ ಅಂದುಕೊಂಡಿದ್ದರು. ಪ್ರೆಸ್ ಮುಚ್ಚಿದ ಮೇಲೆ ಒಂದು ದಿನ ಸುಮ್ಮನೆ ಬೀದಿ ಅಳೆಯುತ್ತಾ ಹೋಗುವಾಗ ಒಂದು ಅಂಗಡಿಯ ಗಾಜಿನ ಮೇಲೆ ಕೈಬರಹದ ಚೀಟಿ ಕಂಡಿತು. ಚೀಟಿ ಸೊಟ್ಟಗಿತ್ತು, ಅದಕ್ಕೇ ನಿಂತರು. "ನಂ. 47, ಛತ್ರಿ ಹುಡುಗಿ, ಎಡ ಅಂಚಿನಲ್ಲಿ ಬೆಕ್ಕಿನ ಬಾಲ ಇರುವ ಕಾರ್ಡ್ ಯಾರ ಹತ್ತಿರವಾದರೂ ಇದ್ದರೆ ತನ್ನಿ. ಕೇಳಿದಷ್ಟು ಕೊಡಲಾಗುವುದು."

ದೊಡ್ಡಪ್ಪ ಚೀಟಿಯನ್ನು ಮೂರು ಸಲ ಓದಿದರು. ಅಂಗಡಿಯ ಮೆಟ್ಟಿಲ ಮೇಲೆ ಕೂತರು.

ಅಂಗಡಿ ಮೊದಲು ಗಡಿಯಾರ ರಿಪೇರಿಯದ್ದು. ಈಗಲೂ ಗೋಡೆ ತುಂಬ ಹಳೆಯ ಗಡಿಯಾರಗಳು, ಒಂದೂ ನಡೆಯುವುದಿಲ್ಲ. ಮಾಲೀಕರನ್ನು ಎಲ್ಲರೂ ಗಡಿಯಾರದವರು ಅಂತಲೇ ಕರೆಯುತ್ತಾರೆ. ಕೈಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಅವರು ಹಳೆಯ ಮಾಂಗಾ ಕಾರ್ಡುಗಳ ವ್ಯಾಪಾರಕ್ಕೆ ಇಳಿದಿದ್ದರು. ಬಾಲದ ಕಾರ್ಡ್ ಅಂದರೆ ಏನು ಅಂತ ದೊಡ್ಡಪ್ಪ ಕೇಳಿದಾಗ ಅವರು ದನಿ ತಗ್ಗಿಸಿ ಹೇಳಿದರು. "ಲೆಕ್ಕಕ್ಕೆ ಸಿಕ್ಕಿರೋದು ನಾಲ್ಕೋ ಐದೋ. ನಾನು ಫೋಟೊ ನೋಡಿದ್ದೇನೆ ಅಷ್ಟೆ. ನಿಮ್ಮ ಹತ್ರ ಇದೆಯಾ?"

"ಇಲ್ಲ," ಅಂದರು ದೊಡ್ಡಪ್ಪ. ಅದು ಸುಳ್ಳೇನಲ್ಲ.

ಅಂದೇ ಅವರು ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡರು. ಎಲ್ಲಿಂದಾದರೂ ಸರಿ, ಒಂದು ಬಾಲದ ಕಾರ್ಡ್ ಹುಡುಕಿ ಕೊಂಡು ಮಗಳ ಕೈಗಿಡಬೇಕು. ಆಗ ಈ ಕೈಗಳಿಗೆ ಜೇಬಿನಿಂದ ಬಿಡುಗಡೆ. ದೊಡ್ಡಮ್ಮನಿಗೆ ಹೇಳಿದರು. ದೊಡ್ಡಮ್ಮ ಅವರು ಅಂಗಡಿಯಿಂದ ತಂದಿದ್ದ ಒಂದು ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡಿ, "ಇಷ್ಟು ದೊಡ್ಡ ಕಣ್ಣಿದ್ದೂ ಈ ಹುಡುಗಿಗೆ ಎದುರಿಗಿರೋ ರಾಕ್ಷಸ ಕಾಣಿಸ್ತಿಲ್ವಲ್ಲ," ಅಂದು ಒಳಗೆ ಹೋದರು.

ಬಾಲದ ಕಾರ್ಡ್ ಸಿಗಲಿಲ್ಲ. ಆದರೆ ಕಾರ್ಡ್ ನೋಡುವ ಕೆಲಸದಲ್ಲಿ ದೊಡ್ಡಪ್ಪನನ್ನು ಮೀರಿಸುವವರಿಲ್ಲ ಅಂತ ಮೂರೇ ತಿಂಗಳಲ್ಲಿ ಅಂಗಡಿಗೆ ಗೊತ್ತಾಯಿತು. ಅವರಿಗೆ ಕಥೆ ಗೊತ್ತಿಲ್ಲ, ಯಾವ ಹೀರೋ ಯಾವ ರಾಕ್ಷಸನಿಗೆ ಹೊಡೆದ ಅನ್ನುವುದೂ ಬೇಕಿಲ್ಲ. ಕಾಗದ ಗೊತ್ತು. ಕಾರ್ಡನ್ನು ಕಿವಿಯ ಹತ್ತಿರ ಬೆರಳಿನಿಂದ ಮೀಟುತ್ತಾರೆ, ಸದ್ದು ಕೇಳುತ್ತಾರೆ. ಬದಿಯಿಂದ ನೋಡುತ್ತಾರೆ, ಯಾಕೆಂದರೆ ಅಸಲಿಯ ಹೊಟ್ಟೆಯಲ್ಲಿ, ಎರಡು ಬಿಳಿ ಪದರದ ನಡುವೆ, ತೆಳ್ಳನೆಯ ಕಪ್ಪು ಪದರ ಇರುತ್ತದೆ. ಕೊನೆಗೆ ಪ್ರೆಸ್ಸಿನ ಕಾಲದ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೊತ್ತಿಕೊಂಡು ಚಿತ್ರದ ಗೆರೆಗಳನ್ನು ನೋಡುತ್ತಾರೆ.

ಅವರ ಹೆಸರು ಮೇಲೆ ಬಂದದ್ದೇ ಆ ಗೆರೆಗಳಿಂದ. ಅಂಗಡಿಗೆ ದಿನಾ ಬರುವ ಒಬ್ಬ ಹಲ್ಲಿನ ಡಾಕ್ಟರಿದ್ದಾರೆ. ಜನರ ಬಾಯಿಂದ ಕಿತ್ತದ್ದನ್ನೆಲ್ಲ ತಂದು ಕಾರ್ಡಿಗೆ ಸುರಿಯುವವರು. ಒಂದು ಸಲ ಅವರು ಹೊಳೆಯುವ ಡ್ರ್ಯಾಗನ್ ಕಾರ್ಡೊಂದನ್ನು ಎದೆಗವಚಿಕೊಂಡು ಬಂದರು. ದೊಡ್ಡಪ್ಪ ಕನ್ನಡಿ ಇಟ್ಟು ನೋಡಿ ತಲೆ ಆಡಿಸಿದರು.

"ನಕಲಿ, ಡಾಕ್ಟ್ರೇ."

"ಅದು ಹೇಗ್ರೀ? ಎಷ್ಟು ಚೆನ್ನಾಗಿದೆ."

"ನೀವೇ ನೋಡಿ. ಬಣ್ಣ ಚುಕ್ಕೆ ಚುಕ್ಕೆ ಇರೋದು ಸರಿ. ಆದ್ರೆ ಕಪ್ಪು ಗೆರೆ ಗಟ್ಟಿಯಾಗಿರಬೇಕು. ಅದನ್ನ ಬೇರೆ ಪ್ಲೇಟಲ್ಲಿ ಹೊಡೀತಾರೆ. ಇದನ್ನ ಯಾರೋ ಅಸಲಿ ಕಾರ್ಡನ್ನ ಸ್ಕ್ಯಾನ್ ಮಾಡಿ ಹೊಡೆದಿದ್ದಾರೆ, ಅದಕ್ಕೇ ಗೆರೆ ಎಲ್ಲ ಒಡೆದು ಕೆಂಪು, ನೀಲಿ ಚುಕ್ಕೆ ಆಗಿದೆ. ಇಲ್ಲಿ, ಮೀಸೆ ನೋಡಿ."

ಡಾಕ್ಟರು ಡ್ರ್ಯಾಗನ್ನಿನ ಮೀಸೆ ನೋಡಿದರು. ಅವರ ಮುಖ ಹುಳುಕು ಹಲ್ಲಿನ ರೋಗಿಯ ಹಾಗಾಯಿತು. ಅಂದಿನಿಂದ ಮೂಲೆಮಟ್ಟದವರು ಹೂಂ ಅನ್ನದೆ ಅವರು ಜೇಬಿಗೆ ಕೈ ಹಾಕುವುದಿಲ್ಲ. "ಮಟ್ಟಣ್ಣ, ಒಂಚೂರು ನೋಡಿ" ಅನ್ನುವುದು ಅಂಗಡಿಯಲ್ಲಿ ನಮಸ್ಕಾರ ಅಂದಷ್ಟೇ ಮಾಮೂಲಾಯಿತು. ಮೂವತ್ತೊಂದು ವರ್ಷ ಯಾರೂ ಕೊಡದ ಮರ್ಯಾದೆ. ದೊಡ್ಡಪ್ಪ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋಗತೊಡಗಿದರು.

ಮರ್ಯಾದೆ ತಲೆಗೇರಿತು. ನಕಲಿ ಮಾಡುವವರನ್ನಾದರೂ ಕ್ಷಮಿಸುತ್ತಿದ್ದರು, ಅಂಚು ಕತ್ತರಿಸುವವರನ್ನಲ್ಲ. ಹಳೆಯ ಕಾರ್ಡಿನ ಅಂಚು ಸವೆದು ಮೂಲೆ ಮೊಂಡಾದರೆ, ಅದನ್ನು ಹೊಸದರಂತೆ ಕಾಣಿಸಲು ಕೆಲವರು ಸುತ್ತ ಒಂದು ಎಳೆ ಕತ್ತರಿಸಿ ಮಾರುತ್ತಾರೆ. ಹಾಗೆ ಕತ್ತರಿಸಿದ ಕಾರ್ಡ್ ಅಸಲಿಯಾದರೂ ಸಂಗ್ರಹಿಸುವವರ ಕಣ್ಣಿಗೆ ಹೆಣ. "ಅಂಚು ಕತ್ತರಿಸೋನು ಮನುಷ್ಯನೇ ಅಲ್ಲ," ಅಂತ ದೊಡ್ಡಪ್ಪ ಕೌಂಟರ್ ಕುಟ್ಟಿ ಹೇಳುತ್ತಿದ್ದರು. ಯಾರೋ ತಮ್ಮ ಬೆನ್ನ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವಷ್ಟು ಜೋರಾಗಿ. ಕೊನೆಗೆ ಗಡಿಯಾರದವರ ಹಿಂದೆ ಬಿದ್ದು ಬಾಗಿಲಿಗೆ ಒಂದು ಬೋರ್ಡನ್ನೂ ಹಾಕಿಸಿದರು. "ಅಂಚು ಕತ್ತರಿಸಿದವರಿಗೆ ಪ್ರವೇಶವಿಲ್ಲ." ಬೋರ್ಡಿನ ರಟ್ಟನ್ನು ಅವರೇ ಕತ್ತರಿಸಿ ಕೊಟ್ಟರು. ನಾಲ್ಕು ಮೂಲೆಯೂ ಕರಾರುವಾಕ್ಕು.

ಒಂದು ಶನಿವಾರ ಮಧ್ಯಾಹ್ನ ದೊಡ್ಡಪ್ಪ ಅಂಗಡಿಗೆ ಹೋದಾಗ ಹಲ್ಲಿನ ಡಾಕ್ಟರು ಆಗಲೇ ಬಂದು ಕುಣಿಯುತ್ತಿದ್ದರು. ಮನೆ ಖಾಲಿ ಮಾಡಿದ ಹೆಂಗಸೊಬ್ಬರು ಬಾಲ್ಯದ ಕಾರ್ಡುಗಳ ಡಬ್ಬವನ್ನು ಗಡಿಯಾರದವರಿಗೆ ಮಾರಿಹೋಗಿದ್ದರು. ಅದರಲ್ಲೊಂದು ನಲವತ್ತೇಳನೇ ನಂಬರು.

"ಬಾಲದ್ದಾ?" ದೊಡ್ಡಪ್ಪ ಕೌಂಟರಿನ ಮೇಲೆ ಬಗ್ಗಿದರು.

"ಬಾಲ ಇಲ್ಲ," ಅಂದರು ಗಡಿಯಾರದವರು. "ಆದ್ರೆ ಮೂಲೆ ನೋಡಿ. ಈ ಸರಣೀಲಿ ಮೂಲೆ ದುಂಡಗೆ ಮಾಡ್ತಿರಲಿಲ್ಲ, ಮಕ್ಕಳ ಕೈಲಿ ಎಲ್ಲ ಮುದುರಿ ಹೋಗಿವೆ. ಇಷ್ಟು ಚೂಪಾದ ಮೂಲೆಯ ನಲವತ್ತೇಳು ನಾನು ಈ ಜನ್ಮದಲ್ಲಿ ನೋಡಿಲ್ಲ."

ಕೇಳಿದ ಬೆಲೆ ದೊಡ್ಡಪ್ಪನ ಮೂರು ತಿಂಗಳ ಪಿಂಚಣಿಯಷ್ಟಿತ್ತು. ಡಾಕ್ಟರು ಆಗಲೇ ಪರ್ಸ್ ತೆಗೆದಿದ್ದರು. "ಮಟ್ಟಣ್ಣ, ನೀವೊಂದು ಹೂಂ ಅಂದ್ಬಿಡಿ, ನಾನು ಹೊರಡ್ತೀನಿ. ಕ್ಲಿನಿಕ್ಕಲ್ಲಿ ಒಬ್ಬರ ಬಾಯಿ ತೆಗೆಸಿ ಇಟ್ಟು ಬಂದಿದ್ದೀನಿ."

ದೊಡ್ಡಪ್ಪ ಕಾರ್ಡ್ ತೆಗೆದುಕೊಂಡರು. ಮೀಟಿದರು, ಸದ್ದು ಸರಿ. ಹೊಟ್ಟೆಯ ಕಪ್ಪು ಪದರ ಸರಿ. ಕನ್ನಡಿಯಲ್ಲಿ ಛತ್ರಿಯ ಗೆರೆಗಳು ಗಟ್ಟಿ ಕಪ್ಪು. ಅಸಲಿ. ಅಭ್ಯಾಸಬಲದಿಂದ ಹೆಬ್ಬೆರಳ ಉಗುರನ್ನು ಅಂಚಿನ ಮೇಲೆ ಎಳೆದರು. ಒಂದು ಕಡೆ ಉಗುರು ತಡೆಯಿತು. ಎಳ್ಳಿಗಿಂತ ಸಣ್ಣ ಉಬ್ಬು.

ಕಾರ್ಡನ್ನು ತಿರುಗಿಸಿ ಮುಂದಿನ ಅಂಚಿನ ಮೇಲೆ ಎಳೆದರು. ಮೂಲೆಯಿಂದ ಅಷ್ಟೇ ದೂರದಲ್ಲಿ ಮತ್ತೆ ತಡೆಯಿತು. ಮೂರನೆಯದರಲ್ಲೂ. ನಾಲ್ಕನೆಯದರಲ್ಲೂ.

ಆ ಉಬ್ಬನ್ನು ಅವರು ಪ್ರೆಸ್ಸಿನಲ್ಲಿ ಒಮ್ಮೆ ಹತ್ತು ದಿನ ದಿನಾ ನೋಡಿ ಶಪಿಸಿದ್ದರು. ಯಾರೋ ಕಾಗದದ ಕಟ್ಟಿನಲ್ಲಿ ಪಿನ್ನು ಬಿಟ್ಟು, ಮಷೀನಿನ ಬ್ಲೇಡಿನಲ್ಲಿ ಎಳ್ಳಿನಷ್ಟು ಕಚ್ಚು ಬಿದ್ದಿತ್ತು. ಸಾಣೆಗೆ ಕಳಿಸಿ ಅಂತ ಮಾಲೀಕರನ್ನು ಬೇಡಿಕೊಂಡರೂ ಹತ್ತು ದಿನ ಕಳಿಸಿರಲಿಲ್ಲ. ಆ ಹತ್ತು ದಿನ ಕತ್ತರಿಸಿದ ಪ್ರತಿಯೊಂದು ಹಾಳೆಯಲ್ಲೂ ಅದೇ ಜಾಗದಲ್ಲಿ ಆ ಉಬ್ಬು. ಒಂದು ಕಾರ್ಡನ್ನು ಪಕ್ಕದ ಕಬ್ಬಿಣದ ಪಟ್ಟಿಗೆ ಒತ್ತಿ, ತಿರುಗಿಸಿ, ಒತ್ತಿ, ತಿರುಗಿಸಿ ನಾಲ್ಕು ಸಲ ಕತ್ತರಿಸಿದರೆ ನಾಲ್ಕು ಅಂಚಿಗೂ ಒಂದೊಂದು ಬೀಳುತ್ತದೆ. ಪ್ರಪಂಚದ ಯಾವ ಕಾರ್ಖಾನೆಯೂ ಹಾಗೆ ಕತ್ತರಿಸುವುದಿಲ್ಲ. ಮಗಳಿಗೆ ಉಪಕಾರ ಮಾಡಲು ಹೊರಟ ಅಪ್ಪ ಮಾತ್ರ ಹಾಗೆ ಕತ್ತರಿಸುತ್ತಾನೆ.

ಕಾರ್ಡಿನ ಬೆನ್ನು ನೋಡಿದರು. ಮೂಲೆಯಲ್ಲಿ ಪೆನ್ಸಿಲಿನ ಪುಟ್ಟ ನಕ್ಷತ್ರ, ಅಕ್ಕ ತನ್ನ ಎಲ್ಲ ಕಾರ್ಡಿಗೂ ಹಾಕುತ್ತಿದ್ದ ಗುರುತು. ಐದು ಚೂಪಿರಬೇಕಾದ ನಕ್ಷತ್ರಕ್ಕೆ ನಾಲ್ಕೇ ಚೂಪು. ಐದನೆಯದು ಹದಿನೈದು ವರ್ಷದ ಹಿಂದೆ ಪ್ರೆಸ್ಸಿನ ಕಸದ ಬುಟ್ಟಿಗೆ ಹೋಗಿತ್ತು.

"ಏನಾಯ್ತು ಮಟ್ಟಣ್ಣ? ಬೆವರ್ತಿದ್ದೀರಿ," ಅಂದರು ಡಾಕ್ಟರು.

ದೊಡ್ಡಪ್ಪ ಕನ್ನಡಿಯನ್ನು ಕಣ್ಣಿನಿಂದ ತೆಗೆಯಲಿಲ್ಲ. ಅದರ ಹಿಂದೆ ಸ್ವಲ್ಪ ಹೊತ್ತು ಬಚ್ಚಿಟ್ಟುಕೊಳ್ಳಬಹುದಿತ್ತು. ಹೂಂ ಅಂದರೆ ಡಾಕ್ಟರು ಕಾರ್ಡ್ ಒಯ್ಯುತ್ತಾರೆ, ಮರ್ಯಾದೆ ಉಳಿಯುತ್ತದೆ, ಮಗಳ ಕಾರ್ಡ್ ಎರಡನೇ ಸಲ ಕೈ ಬಿಟ್ಟುಹೋಗುತ್ತದೆ. ನಕಲಿ ಅಂತ ಒಂದು ಮಾತು ಎಸೆದರೆ ಇನ್ನೂ ಸುಲಭ. ಇವರ ಮಾತನ್ನು ಇಲ್ಲಿ ಯಾರೂ ತೆಗೆದುಹಾಕುವುದಿಲ್ಲ. ಡಾಕ್ಟರು ಉಗುಳಿ ಹೋಗುತ್ತಾರೆ, ಕಸದ ಬೆಲೆಗೆ ಕಾರ್ಡ್ ಇವರ ಜೇಬಿಗೆ, ಯಾರಿಗೂ ತಿಳಿಯುವುದಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು ಅಂತ ದೊಡ್ಡಪ್ಪ ನನ್ನ ಹತ್ತಿರ ತಾವಾಗಿಯೇ ಒಪ್ಪಿಕೊಂಡರು. ಆಗ ಮತ್ತೆ ಕನ್ನಡಿಯೊಳಗೆ ಆ ಗೆರೆಗಳು ಕಂಡವಂತೆ. ಗಟ್ಟಿ ಕಪ್ಪು. ಅಷ್ಟು ಅಸಲಿಯಾದದ್ದನ್ನು ನಕಲಿ ಅನ್ನಲು ಪ್ರೆಸ್ಸಿನವನ ಬಾಯಿಗೆ ಆಗಲಿಲ್ಲ.

"ಅಸಲಿ," ಅಂದರು. "ಆದ್ರೆ ಅಂಚು ಕತ್ತರಿಸಿದ್ದಾರೆ."

ಡಾಕ್ಟರ ಪರ್ಸ್ ಮುಚ್ಚಿಕೊಂಡಿತು. "ಯಾವ ಅಯೋಗ್ಯ ಮಾಡಿದ್ದು?"

"ನಾನೇ."

ಡಾಕ್ಟರು ಹಲ್ಲು ಬಿಟ್ಟು ನಕ್ಕರು. ಗಡಿಯಾರದವರೂ ನಕ್ಕರು. ದೊಡ್ಡಪ್ಪ ನಗಲಿಲ್ಲ. ಉಬ್ಬುಗಳನ್ನು ಒಂದೊಂದಾಗಿ ತೋರಿಸಿದರು, ಕಚ್ಚು ಬಿದ್ದ ಬ್ಲೇಡಿನ ಕಥೆ ಹೇಳಿದರು, ಮಗಳ ನಕ್ಷತ್ರ ತೋರಿಸಿದರು. ಗಡಿಯಾರದವರು ಅಳತೆಪಟ್ಟಿ ತಂದು ಅಳೆದರು. ಎಲ್ಲ ಕಡೆ ಎಳೆಯಷ್ಟು ಕಮ್ಮಿ, ಎಡಗಡೆ ಅರ್ಧ ಮಿಲಿಮೀಟರ್ ಕಮ್ಮಿ. ಅಳತೆಪಟ್ಟಿ ಅವರ ಕೈಯಲ್ಲೇ ನಿಂತಿತು.

"ಎಡಗಡೆ ಯಾಕೆ ಜಾಸ್ತಿ ತೆಗೆದ್ರಿ?"

ದೊಡ್ಡಪ್ಪ ಕನ್ನಡಿಯನ್ನು ಜೇಬಿಗಿಟ್ಟರು.

"ಮಟ್ಟಣ್ಣ. ಎಡಗಡೆ ಏನಿತ್ತು?"

"ಬಾಲ."

ಅಂಗಡಿಯಲ್ಲಿ ಒಂದೂ ಗಡಿಯಾರ ನಡೆಯುವುದಿಲ್ಲ ಅಂತ ಹೇಳಿದೆನಲ್ಲ, ಆಗ ಜನರೂ ಹಾಗೇ ನಿಂತುಬಿಟ್ಟರಂತೆ. ಡಾಕ್ಟರು ಸ್ಟೂಲು ಹುಡುಕಿಕೊಂಡು ಕೂತರು. "ಬಾಲದ ಕಾರ್ಡು," ಅಂದರು. "ಮಷೀನಿಗೆ ಇಟ್ಟು. ನಿಮಗೆ ಮನಸ್ಸಾದ್ರೂ ಹೇಗೆ ಬಂತ್ರೀ?"

"ನೀಟಾಗಿರಲಿ ಅಂತ."

"ನನ್ನ ಹತ್ರ ಬರೋರಿಗೆ ನಾನು ಹಲ್ಲು ಸೊಟ್ಟ ಇದೆ ಅಂತ ತಲೆ ತೆಗೀತೀನಾ?"

ಗಡಿಯಾರದವರು ಮಾತಾಡದೆ ಬಾಗಿಲಿನ ಕಡೆ ಬೆರಳು ತೋರಿಸಿದರು. ಬೋರ್ಡು ಅಲ್ಲೇ ಇತ್ತು. ನಾಲ್ಕು ಮೂಲೆಯೂ ಕರಾರುವಾಕ್ಕಾಗಿ. ದೊಡ್ಡಪ್ಪ ಓದಿದರು, ತಲೆಯಾಡಿಸಿದರು, ಹೊಸಿಲು ದಾಟಿ ಹೊರಗೆ ನಿಂತರು. ಅಲ್ಲಿಂದಲೇ ಕೇಳಿದರು.

"ಕಾರ್ಡಿಗೆ ಎಷ್ಟು?"

"ಹೆಣಕ್ಕೆ ಎಂಥ ಬೆಲೆ," ಅಂದರು ಗಡಿಯಾರದವರು. ಆದರೂ ವ್ಯಾಪಾರಸ್ಥರು, ಒಂದು ಜೊತೆ ಚಪ್ಪಲಿಯ ಬೆಲೆ ಹೇಳಿದರು. ದೊಡ್ಡಪ್ಪ ಚೌಕಾಸಿ ಮಾಡಲಿಲ್ಲ. ಹೊಸಿಲಿನ ಆಚೆಯಿಂದ ಕೈ ಚಾಚಿ ದುಡ್ಡು ಕೊಟ್ಟರು, ಈಚೆಯಿಂದ ಕಾರ್ಡ್ ಬಂತು.

ಮನೆಗೆ ಬಂದು ದೊಡ್ಡಮ್ಮನಿಗೆ ಎಲ್ಲ ಹೇಳಿದರು. ದೊಡ್ಡಮ್ಮ ಪೂರ್ತಿ ಕೇಳಿ, "ಇಡೀ ಪ್ರಪಂಚದಲ್ಲಿ ಐದೇ ಇದ್ದದ್ದು, ಅದರಲ್ಲೊಂದನ್ನ ಹುಡುಕಿ ಕೊಂದಿದ್ದೀರಿ," ಅಂದರು. ಒಲೆಯ ಕಡೆ ತಿರುಗಿ, "ನಾಳೆ ಹೋಗುವಾಗ ಆ ನೀಲಿ ಶರ್ಟು ಹಾಕ್ಕೊಳ್ಳಿ," ಅಂದರು.

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಮಗಳ ಕೋಣೆಯ ಮೂರು ಮಹಡಿ ಹತ್ತಿದರು. ಕಿಟಕಿಯ ಹತ್ತಿರದ ಮೇಜಿನ ಮೇಲೆ ಬಟ್ಟೆ ಹಾಸಿ, ಅಕ್ಕ ಯಾರದೋ ಕನ್ನಡಕದ ತಿರುಪು ಬಿಗಿ ಮಾಡುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದ ತಕ್ಷಣ ತಲೆ ಎತ್ತದೆ ಹೇಳಿದಳು. "ಕೈ ಜೇಬಲ್ಲಿ."

"ಇಟ್ಟಿದ್ದೀನಿ. ಆದ್ರೆ ಶರ್ಟಿನ ಜೇಬಿಂದ ಒಂದು ವಸ್ತು ತೆಗೀಬೇಕು."

ಅಕ್ಕ ತಾನೇ ಬಂದು ಅವರ ಶರ್ಟಿನ ಜೇಬಿಗೆ ಕೈ ಹಾಕಿ ತೆಗೆದಳು. ಛತ್ರಿ ಹುಡುಗಿಯನ್ನು ನೋಡಿದಳು. ತಿರುಗಿಸಿ ನಕ್ಷತ್ರ ನೋಡಿದಳು. ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ನೆಲಕ್ಕೆ ತಳ್ಳಿ ಕೂತಳು. ದೊಡ್ಡಪ್ಪ ನಿಂತೇ ಇದ್ದರು.

"ಎಲ್ಲಿ ಸಿಕ್ತು?"

"ಗಡಿಯಾರದವರ ಅಂಗಡೀಲಿ. ಡಾಕ್ಟ್ರು ತಗೋತಿದ್ರು. ನಾನು ಹೇಳಿದೆ, ಕತ್ತರಿಸಿದ್ದಾರೆ ಅಂತ."

"ಯಾರು ಅಂತ ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

"ಆಚೆ ಹಾಕಿದ್ರು. ನಾನೇ ಹಾಕಿಸಿದ ಬೋರ್ಡಿತ್ತು."

ಅಕ್ಕ ನಕ್ಕಳು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ದೊಡ್ಡಪ್ಪನಿಗೆ ಸ್ವಲ್ಪ ಧೈರ್ಯ ಬಂತು. "ಬಾಲ ಇರೋದೇ ಹುಡುಕ್ತಿದ್ದೆ. ಸಿಗಲಿಲ್ಲ. ಅದು ಅಷ್ಟು ದೊಡ್ಡ ವಸ್ತು ಅಂತ ಅವಾಗ ಗೊತ್ತಿದ್ದಿದ್ರೆ ಮುಟ್ತಿರಲಿಲ್ಲ ನೋಡು."

ಅಕ್ಕನ ನಗು ನಿಂತಿತು. "ನನಗೂ ಗೊತ್ತಿರಲಿಲ್ಲ ಅಪ್ಪ. ನನಗೆ ಅದೊಂದು ಬೆಕ್ಕಿನ ಬಾಲ ಅಷ್ಟೆ. ನನ್ನ ಪೆಟ್ಟಿಗೆ ತೆಗೆದು, ನನ್ನದನ್ನ, ನನ್ನ ಕೇಳದೆ ತಗೊಂಡು ಹೋದ್ಯಲ್ಲ."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅನ್ನೋದಕ್ಕೇ ಕೇಳೋದು."

ಕಾಗದದ ನೂರು ಗುಣ ಬಲ್ಲವರಿಗೆ ಇಷ್ಟು ಸಣ್ಣ ವಿಷಯ ಹದಿನೈದು ವರ್ಷ ತಲೆಗೆ ಹತ್ತಿರಲಿಲ್ಲ.

ಅಕ್ಕ ಎದ್ದು ಟೀಗೆ ನೀರಿಟ್ಟಳು. ಡ್ರಾಯರಿನಿಂದ ಎರಡು ಪುಟ್ಟ ಕ್ಲಿಪ್ಪು ತೆಗೆದು ಛತ್ರಿ ಹುಡುಗಿಯನ್ನು ಮೇಜಿನ ಮೇಲಿನ ಗೋಡೆಗೆ, ಸರಿಯಾಗಿ ಅಪ್ಪ ಕೂರುವ ಕುರ್ಚಿಯ ಎದುರಿಗೆ ಸಿಕ್ಕಿಸಿದಳು. ಎಡಕ್ಕೆ ವಾಲಿಸಿ. ಹುಡುಗಿ ಇನ್ನೇನು ಹೆಂಚಿನ ಮೇಲಿಂದ ಜಾರಿ ಬೀಳುತ್ತಾಳೆ ಅನ್ನುವ ಹಾಗೆ.

ದೊಡ್ಡಪ್ಪ ಕುರ್ಚಿಯ ತುದಿಯಲ್ಲಿ ಕೂತರು. ಗೋಡೆ ನೋಡಬಾರದು ಅಂತ ಕಿಟಕಿ ನೋಡಿದರು. ಕಿಟಕಿಯ ಚೌಕಟ್ಟೂ ಸೊಟ್ಟ. ನೆಲ ನೋಡಿದರು, ಬಟ್ಟೆಯ ರಾಶಿ. ಸುತ್ತಿ ಸುತ್ತಿ ಕಣ್ಣು ಮತ್ತೆ ಕಾರ್ಡಿಗೇ ಬಂತು. ಜೇಬಿನೊಳಗೆ ಬೆರಳುಗಳು ಬಲೆಗೆ ಬಿದ್ದ ಇಲಿಗಳ ಹಾಗೆ ಒದ್ದಾಡುತ್ತಿದ್ದವು. ಅಕ್ಕ ಲೋಟ ತೊಳೆಯುತ್ತಾ ಬೆನ್ನು ಹಾಕಿ ನಿಂತಿದ್ದಳು. ಎದ್ದು ಎರಡು ಹೆಜ್ಜೆ ಇಟ್ಟು ಕ್ಲಿಪ್ಪು ಸರಿಸಿದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ಅದು ಸ್ವಲ್ಪ ಎಡಕ್ಕಿದೆ," ಅಂದರು.

"ಗೊತ್ತು."

"ಬೇಕಂತಲೇ ಮಾಡಿದ್ದಾ?"

"ಬೇಕಂತಲೇ."

ನೀರು ಕುದಿಯಿತು. ದೊಡ್ಡಪ್ಪ ಮತ್ತೊಮ್ಮೆ ಕಾರ್ಡ್ ನೋಡಿದರು.

"ನೇರ ಮಾಡಲಾ?"

ಅಕ್ಕ ಹಿಂತಿರುಗಿ ಅಪ್ಪನನ್ನು ನೋಡಿದಳು. ಅವಳು ಹುಟ್ಟಿದ ಮೇಲೆ ಅವರು ಈ ಮಾತು ಕೇಳಿದ್ದು ಅದೇ ಮೊದಲು.

"ಬೇಡ," ಅಂದಳು.

"ಸರಿ," ಅಂದರು ದೊಡ್ಡಪ್ಪ.

ಅಕ್ಕ ಟೀ ತಂದು ಅವರ ಮುಂದಿಟ್ಟಳು. ದೊಡ್ಡಪ್ಪ ಎಂದಿನಂತೆ ಒಂದು ಕೈ ಮಾತ್ರ ಹೊರಗೆ ತೆಗೆದರು.

"ಇನ್ನೊಂದೂ ತೆಗಿ," ಅಂದಳು ಅಕ್ಕ. "ಲೋಟ ಬಿಸಿ ಇದೆ, ಎರಡೂ ಕೈಲಿ ಹಿಡ್ಕೊ."

ಇದು ನಡೆದು ಏಳು ತಿಂಗಳಾಯಿತು. ಕಾರ್ಡ್ ಈಗಲೂ ಹಾಗೇ ಇದೆ, ನಾನು ಹೋಗಿ ನೋಡಿ ಬಂದೆ. ಗಡಿಯಾರದವರು ಎರಡು ತಿಂಗಳು ತಡೆದುಕೊಂಡು, ಮೂರು ನಕಲಿ ಕಾರ್ಡ್ ಕೊಂಡು ಕೈ ಸುಟ್ಟುಕೊಂಡ ಮೇಲೆ ಬೋರ್ಡಿನ ಕೆಳಗೆ ಪೆನ್ಸಿಲಿನಲ್ಲಿ "ಒಬ್ಬರನ್ನು ಬಿಟ್ಟು" ಅಂತ ಬರೆದಿದ್ದಾರೆ. ದೊಡ್ಡಪ್ಪ ಮತ್ತೆ ಇಸ್ತ್ರಿ ಶರ್ಟ್ ಹಾಕಿಕೊಂಡು ಹೋಗುತ್ತಾರೆ. ಅಂಚು ಕತ್ತರಿಸುವವರ ಬಗ್ಗೆ ಈಗ ಏನೂ ಹೇಳುವುದಿಲ್ಲ.

ನಾನು ಇದನ್ನು ಬರೆದದ್ದು ಮೂವರಿಗೂ ಇನ್ನೂ ಗೊತ್ತಿಲ್ಲ. ಸುಮ್ಮನೆ ಕೇಳುತ್ತಿದ್ದೇನೆ ಅಂದುಕೊಂಡಿದ್ದಾರೆ. ನಾಳೆ ಹೋಗಿ ಮೂವರಿಗೂ ಓದಿ ಹೇಳುತ್ತೇನೆ. ಯಾರಾದರೂ ಒಬ್ಬರು ಬೇಡ ಅಂದರೆ ಮಡಿಚಿ ಒಳಗಿಡುತ್ತೇನೆ.